ನವಿರಿನ ದಿಕ್ಕು

ಹೊಲಿಗೆ ಕಾರ್ಖಾನೆಯಲ್ಲಿ ಅವಳಿಗೆ 'ಟಪಾಲು' ಎಂಬ ಹೆಸರು ಬಿದ್ದದ್ದು ಮೇಲ್ವಿಚಾರಕಿಯಾದ ಮಾರನೆಯ ದಿನವೇ. ಯಾರು ಏನು ಕೇಳಿದರೂ ಪ್ರಶ್ನೆ ಹೊತ್ತು ಯಜಮಾನಿಯ ಕೋಣೆಗೆ ಹೋಗುವಳು, ಉತ್ತರ ಹೊತ್ತು ಬರುವಳು. ದಾರ ಯಾವ ಬಣ್ಣದ್ದು, ಮಡಿಕೆ ಎಷ್ಟು ಅಗಲ, ಫ್ಯಾನು ಹಾಕಬೇಕೋ ಬೇಡವೋ, ಎಲ್ಲವೂ ಆ ಬಾಗಿಲು ದಾಟಿಯೇ ಬರಬೇಕು. ಹೆಸರಿಟ್ಟವನು ಇಸ್ತ್ರಿಯವನು. ಆ ಕಟ್ಟಡದಲ್ಲಿ ಇಸ್ತ್ರಿಗಿಂತ ಬಿಸಿಯಾಗಿದ್ದದ್ದು ಅವನ ನಾಲಿಗೆ ಒಂದೇ.

ಯಜಮಾನಿ ಸೋಮವಾರ ಕರೆದು ಕೂರಿಸಿಕೊಂಡು ಸುತ್ತಿಬಳಸದೆ ಹೇಳಿದ್ದಳು: "ಪ್ರಶ್ನೆ ಸಾಗಿಸೋಕೆ ನೀನ್ಯಾಕೆ ಬೇಕು? ಗೋಡೆಗೊಂದು ಕಿಂಡಿ ಕೊರೆಸಿದ್ರೆ ಸಾಕಲ್ಲ. ಈ ನಾಟಕದ ಪರದೆ ಮುಗಿಯೋವರೆಗೂ ನೋಡ್ತೀನಿ. ಆಮೇಲೂ ಹೀಗೇ ಆದ್ರೆ ವಾಪಸ್ ಮಿಷಿನ್ ಮುಂದೆ ಕೂತ್ಕೋ."

ಮಿಷಿನ್ ಮುಂದೆ ಕೂರುವುದು ಅವಮಾನವೇನಲ್ಲ, ಅವಳು ವರ್ಷಗಟ್ಟಲೆ ಕೂತವಳೇ. ಆದರೆ ಹತ್ತಿದ ಮೆಟ್ಟಿಲನ್ನು ಎಲ್ಲರ ಕಣ್ಣೆದುರು ಇಳಿಯಲು ಅವಳಿಗೆ ಮನಸ್ಸಿರಲಿಲ್ಲ. ಅದೂ ಚಿಕ್ಕಮ್ಮನ ಎದುರು. ಅವಳನ್ನು ಕೆಲಸಕ್ಕೆ ಸೇರಿಸಿದವಳೂ, ಕತ್ತರಿಸುವ ಮೇಜಿನ ಒಡತಿಯೂ, ಮನೆಯಲ್ಲಿ ಪಕ್ಕದ ಹಾಸಿಗೆಯವಳೂ ಆ ಚಿಕ್ಕಮ್ಮನೇ.

ಗುರುವಾರ ಮಧ್ಯಾಹ್ನದ ಊಟಕ್ಕೆ ಮೊದಲು ಪರದೆ ಮುಗಿಯಿತು. ಕಡುಗೆಂಪು ಮಖಮಲ್ಲು, ಎಂಟು ಉದ್ದನೆಯ ತುಂಡುಗಳನ್ನು ಪಕ್ಕಪಕ್ಕ ಜೋಡಿಸಿ ಹೊಲಿದದ್ದು. ಮರುದಿನ ಬೆಳಿಗ್ಗೆ ರಂಗಮಂದಿರದವರು ಬಂದು ಒಯ್ಯಬೇಕು, ಸಂಜೆಗೆ ನಾಟಕ. ಒಂದು ಸಲ ನೋಡಿಬಿಡೋಣವೆಂದು ಗೋಡೆಯುದ್ದದ ಕೊಳವೆಗೆ ಏರಿಸಿದರು. ನಾಲ್ಕು ತುಂಡು ಕಪ್ಪಿಗೆ ತಿರುಗಿದ ಕೆಂಪು, ಇನ್ನು ನಾಲ್ಕು ಬಿಸಿಲಿಗೆ ಬಿದ್ದು ಬಿಳಿಚಿಕೊಂಡಂಥ ಕೆಂಪು. ಅದೂ ಒಂದು ಬಿಟ್ಟು ಒಂದಲ್ಲ, ತೋಚಿದ ಹಾಗೆ.

"ಬಣ್ಣ ಹಾಕಿದವನು ಕೈಕೊಟ್ಟ," ಎಂದು ಚಿಕ್ಕಮ್ಮ ತೀರ್ಪು ಕೊಟ್ಟಳು.

ಮೇಲ್ವಿಚಾರಕಿಯ ಕಾಲು ತಾನಾಗಿಯೇ ಯಜಮಾನಿಯ ಬಾಗಿಲ ಕಡೆಗೆ ಹೊರಟಿತ್ತು. "ಟಪಾಲು ಹೊರಡ್ತು, ದಾರಿ ಬಿಡಿ," ಎಂದ ಇಸ್ತ್ರಿಯವನು.

ಬಾಗಿಲು ತಟ್ಟಲು ಕೈ ಎತ್ತಿದಳು. ಒಳಗೆ ಹೋಗಿ ಏನೆನ್ನುವುದು? ಬಣ್ಣ ಬೇರೆ ಬೇರೆ ಬಂದಿದೆ, ಏನು ಮಾಡಲಿ? ಯಾಕೆ ಹಾಗಾಯಿತು ಎಂದು ಯಜಮಾನಿ ಕೇಳುತ್ತಾಳೆ. ಗೊತ್ತಿಲ್ಲ. ಆ 'ಗೊತ್ತಿಲ್ಲ' ಹೇಳಿದ ಮೇಲೆ ಮಿಷಿನ್ನೇ ಗತಿ. ಕೈ ಇಳಿಸಿ ತಿರುಗಿ ಬಂದಳು.

ಪರದೆಯ ಹಿಂದೆ ಹೋಗಿ ಸೀಮೆಸುಣ್ಣದ ಗುರುತು ನೋಡಿದಳು. ಬಟ್ಟೆ ಬಂದದ್ದು ಎರಡು ಥಾನಿನಲ್ಲಿ, ಎರಡು ದೊಡ್ಡ ಸುರುಳಿ. ಯಾವ ತುಂಡು ಯಾವ ಥಾನಿನದೆಂದು ಚಿಕ್ಕಮ್ಮ ಬೆನ್ನಿಗೆ ಗೀಚಿಡುವುದು ರೂಢಿ. ಮೊದಲನೇ ಥಾನಿನಲ್ಲೂ ಕಪ್ಪು ತುಂಡು, ಬಿಳಿಚಿದ ತುಂಡು ಎರಡೂ ಇದ್ದವು. ಎರಡನೆಯದರಲ್ಲೂ ಅಷ್ಟೆ. ಒಂದೇ ಥಾನು ಎರಡು ಬಣ್ಣ ಹೇಗೆ ಕೊಡುತ್ತದೆ? ಅಲ್ಲಿಗೆ ಬಣ್ಣದವನು ಬಚಾವಾದ.

ಮುಂದೆ ಬಂದು ಕಪ್ಪು ತುಂಡಿನ ಮೇಲೆ ಅಂಗೈಯನ್ನು ಮೇಲಿಂದ ಕೆಳಗೆ ಎಳೆದಳು. ಒರಟು, ಬೆಕ್ಕನ್ನು ಬಾಲದಿಂದ ತಲೆಯ ಕಡೆಗೆ ಸವರಿದ ಹಾಗೆ. ಪಕ್ಕದ ಬಿಳಿಚಿದ ತುಂಡನ್ನು ಸವರಿದಳು. ನುಣುಪು.

"ಚಿಕ್ಕಮ್ಮ, ಕತ್ತರಿಸೋಕೆ ಬಟ್ಟೆ ಹೇಗೆ ಹಾಸಿದ್ರಿ?"

"ಹೇಗೆ ಅಂದ್ರೆ? ಯಾವಾಗ್ಲೂ ಹಾಸೋ ಹಾಗೆ. ಮೇಜಿನ ಆ ತುದಿಗೆ ಒಯ್ದೆ, ಮಡಚಿದೆ, ಈ ತುದಿಗೆ ತಂದೆ. ಒಂದೊಂದು ತುಂಡಿಗೂ ಕತ್ತರಿಸಿ ಬರಿಗೈಲಿ ವಾಪಸ್ ನಡೆಯೋಕೆ ನನ್ನ ಮಂಡಿ ಏನು ಬಾಡಿಗೇದಾ?"

ಬರೀ ಹತ್ತಿ ಬಟ್ಟೆಯಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಖಮಲ್ಲಿನ ನವಿರಿಗೆ, ಅದರ ಮೈಮೇಲಿನ ಸಣ್ಣ ಕೂದಲಿಗೆ, ದಿಕ್ಕಿದೆ. ಅದು ಮೇಲ್ಮುಖವಾಗಿದ್ದರೆ ಬಣ್ಣ ಕಪ್ಪಾಗಿ ಕಾಣುತ್ತದೆ, ಕೆಳಮುಖವಾಗಿದ್ದರೆ ಬಿಳಿಚಿ. ಹೋಗುತ್ತ ಬರುತ್ತ ಮಡಚಿ ಹಾಸಿದರೆ ಒಂದು ಪದರ ನೆಟ್ಟಗೆ, ಮುಂದಿನದು ತಲೆಕೆಳಗು. ಎಲ್ಲ ಪದರಕ್ಕೂ ಮೇಜಿನ ಕಿಟಕಿ ಕಡೆಯ ತುದಿಯನ್ನೇ ಮೇಲು ಎಂದು ಗುರುತಿಸಿದ್ದರಿಂದ ನಾಲ್ಕು ತುಂಡು ಶೀರ್ಷಾಸನ ಹಾಕಿ ನಿಂತಿದ್ದವು.

ಅವಳು ಬಾಯಿಬಿಟ್ಟು ಹೇಳುವಷ್ಟರಲ್ಲೇ ಚಿಕ್ಕಮ್ಮನಿಗೆ ಅರ್ಥವಾಗಿತ್ತು, ಸಿಟ್ಟೂ ಬಂದಿತ್ತು. "ನಾನು ಕೇಳಿದ್ನಲ್ಲ ನಿನ್ನ! ಮಖಮಲ್ಲು ಮಡಚಿ ಹಾಸ್ಲಾ ಅಂತ. 'ತಡೀರಿ, ಒಳಗೆ ಕೇಳ್ಕೊಂಡು ಬರ್ತೀನಿ' ಅಂತ ಹೋದೋಳು ಹೋದೇ ಹೋದೆ. ನಾನೇನು ಕತ್ತರಿ ಹಿಡ್ಕೊಂಡು ಜಪ ಮಾಡ್ತಾ ನಿಂತ್ಕೊಳ್ಲಾ?"

ನಿಜ. ಅವತ್ತು ಒಳಗೆ ಯಾರೋ ಗಿರಾಕಿಯಿದ್ದರು, ಅವಳು ಬಾಗಿಲ ಹೊರಗೆ ಕಂಬದಂತೆ ನಿಂತಿದ್ದಳು.

"ಹೌದು, ಹಾಸಿದ್ದು ನೀವು, ಉತ್ತರ ಕೊಡದೆ ಹೋದದ್ದು ನಾನು. ಈಗ ಬಿಚ್ಚೋರು ಇಬ್ಬರೂ," ಎಂದು ಫೋನು ಎತ್ತಿಕೊಂಡಳು. ರಂಗಮಂದಿರದ ಮ್ಯಾನೇಜರನ್ನು ಒಂದೇ ಒಂದು ಪ್ರಶ್ನೆ ಕೇಳಿದಳು: ಪರದೆಯ ಮೇಲ್ತುದಿ ಎಷ್ಟು ಮರೆಯಾಗುತ್ತದೆ? ಮುಂದೆ ಝಾಲರಿಯ ಪಟ್ಟಿ ಇಳಿಬಿಟ್ಟಿದೆ, ಮೇಲಿನ ಒಂದು ಮೊಳ ಕಾಣುವುದೇ ಇಲ್ಲ ಎಂದ ಅವನು.

ಅಷ್ಟು ಸಾಕಿತ್ತು. ಬಿಚ್ಚಿ ತಲೆಕೆಳಗಾಗಿ ತಿರುಗಿಸಿ ಹೊಲಿದ ತುಂಡಿನಲ್ಲಿ ಕೆಳಗಿನ ಹಳೇ ಹೊಲಿಗೆಯ ತೂತುಗಳು ಮೇಲೆ ಹೋಗಿ ಝಾಲರಿಯ ಹಿಂದೆ ಅಡಗುತ್ತವೆ. ಮೇಲಿನವು ಕೆಳಗೆ ಬಂದು ಮಡಿಕೆಯೊಳಗೆ ಸೇರುತ್ತವೆ. ಪಕ್ಕದ ಹೊಲಿಗೆ ಹೇಗಿದ್ದರೂ ಹೊಸ ಹೊಲಿಗೆಯ ಸಾಲಿಗೇ ಬೀಳುತ್ತದೆ. ಉಳಿದದ್ದು ಒಂದೇ: ಯಾವ ನಾಲ್ಕನ್ನು ತಿರುಗಿಸುವುದು? ದೂರ ನಿಂತು ನೋಡಿದಳು. ಕಪ್ಪು ಕೆಂಪೇ ತುಂಬಿಕೊಂಡು ಕಾಣುತ್ತಿತ್ತು.

"ಬಿಳಿಚಿದ್ದು ನಾಲ್ಕೂ ಬಿಚ್ಚಿ."

ಎರಡು ತುಂಡು ಬಿಚ್ಚಿ ಮೇಜಿನ ಮೇಲೆ ಬಿದ್ದಿರುವಾಗ ಯಜಮಾನಿ ಹೊರಗೆ ಬಂದಳು. "ಯಾರನ್ನ ಕೇಳಿ ಬಿಚ್ಚಿದೆ?"

"ರಂಗಮಂದಿರದವರನ್ನ ಒಂದು ಮಾತು ಕೇಳಿದೆ. ಮಿಕ್ಕಿದ್ದು ನಾನೇ ತೀರ್ಮಾನ ಮಾಡಿದೆ," ಎಂದು ಕಾರಣ ಹೇಳಿದಳು. ಯಜಮಾನಿ ತಾನೇ ಅಂಗೈಯಿಂದ ಸವರಿ ನೋಡಿದಳು.

"ಹಾಗೇ ಕೊಟ್ಟಿದ್ರೆ? ಕತ್ತಲಲ್ಲಿ ಕೂತ ಜನಕ್ಕೆ ಏನು ಕಾಣುತ್ತೆ?"

"ಜನ ಕೂರೋದು ಕತ್ತಲಲ್ಲಿ, ಮೇಡಂ. ಪರದೆ ಇರೋದು ಬೆಳಕಲ್ಲಿ."

ಇಸ್ತ್ರಿಯವನು ನಗು ತಡೆಯಲು ಕೆಮ್ಮಿದ. ಯಜಮಾನಿ ನಗಲಿಲ್ಲ. "ನಾಳೆ ಬೆಳಿಗ್ಗೆ ಪರದೆ ರೆಡಿ ಇಲ್ದಿದ್ರೆ ನಿನಗೆ ಮಿಷಿನ್ನೂ ಇಲ್ಲ, ಗೊತ್ತಾಯ್ತಾ?"

"ರೆಡಿ ಇರುತ್ತೆ."

ಹೇಳಿದ ಮೇಲೆ ಭಯವಾಗಬೇಕಿತ್ತು, ಆಗಲಿಲ್ಲ. ಕೆಲಸ ಹಂಚಿದಳು. ಬಿಚ್ಚಲು ಚಿಕ್ಕಮ್ಮ ಮತ್ತು ತಾನು, ತೂತು ಮುಚ್ಚುವಂತೆ ಹಬೆ ಹಿಡಿಯಲು ಇಸ್ತ್ರಿಯವನು, ಹೊಲಿಯಲು ಕೈ ಚುರುಕಿನ ಇಬ್ಬರು. ಚಿಕ್ಕಮ್ಮ ದಾರ ಕೀಳುತ್ತ ಗೊಣಗುತ್ತಲೇ ಇದ್ದಳು: "ಎಲ್ಲರ ಮುಂದೆ ಹೇಳ್ಬಿಟ್ಟೆ ಅಲ್ವಾ? ಮನೇಲಿ ಊಟಕ್ಕೆ ಕೂರ್ತೀಯಲ್ಲ, ಆಗ ವಿಚಾರಿಸ್ಕೋತೀನಿ." ಆದರೆ ಅವಳು ಬಿಚ್ಚಿದ ಕಡೆ ಬಟ್ಟೆಯ ಒಂದು ಎಳೆಯೂ ಹರಿದಿರಲಿಲ್ಲ. ಬೀದಿದೀಪ ಹತ್ತುವ ಹೊತ್ತಿಗೆ ಪರದೆ ಮತ್ತೆ ಕೊಳವೆ ಏರಿತು, ಈ ತುದಿಯಿಂದ ಆ ತುದಿಗೆ ಒಂದೇ ಕೆಂಪು.

ಬೆಳಿಗ್ಗೆ ರಂಗಮಂದಿರದವರು ಸುತ್ತಿಕೊಂಡು ಹೋದರು. "ಸೋಮವಾರ ಹೇಳಿದ್ದು ಮರೆತುಬಿಡು," ಎಂದಳು ಯಜಮಾನಿ. ಅಷ್ಟೇ. ಹೆಚ್ಚು ಹೊಗಳಿದರೆ ಸಂಬಳ ಏರಿಸಿ ಎಂದು ಕೇಳುತ್ತಾರೆಂಬುದು ಅವಳ ಅನುಭವ.

ಆಗಲೇ ಇಸ್ತ್ರಿಯವನು ಓಡಿಬಂದ. "ಟಪಾಲು, ಆಸ್ಪತ್ರೆ ಹೊದಿಕೆ ಮೇಲೆ ಹಳದಿ ಕಲೆ ಬೀಳ್ತಿದೆ. ಏನ್ ಮಾಡ್ಲಿ, ಒಳಗೆ ಕೇಳ್ಕೊಂಡು ಬಾ."

"ಎಲ್ಲಾ ಹೊದಿಕೆ ಮೇಲೂ ಬೀಳ್ತಿದೆಯಾ, ಕೆಲವದರ ಮೇಲೆ ಮಾತ್ರಾನಾ?"

"ನೋಡ್ಲಿಲ್ಲ."

"ನೋಡ್ಕೊಂಡು ಬಾ. ಇಸ್ತ್ರಿಯ ನೀರು ಯಾವಾಗ ಬದಲಾಯಿಸಿದ್ದು ಅಂತಾನೂ ಯೋಚಿಸ್ಕೊಂಡು ಬಾ."

ಅವನು ಬಂದ ದಾರಿಯಲ್ಲೇ ತಿರುಗಿದ. ಮೇಜಿನ ಮೇಲೆ ಹೊಸ ಥಾನು ಬಿಚ್ಚುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆಯೇ ಅವನ ಬೆನ್ನಿಗೆ ಕೂಗಿದಳು:

"ಬೇಗ ಬಾರೋ, ಟಪಾಲು!"