ಅಕ್ಕನ ಸರದಿ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದು ನಾನು ಹೇಳುವ ಮಾತಲ್ಲ, ಬೀದಿಯವರೆಲ್ಲ ಹೇಳುತ್ತಾರೆ. ರೈಲ್ವೆ ಟಿಕೆಟ್ ಕೌಂಟರಿನ ಹಿಂದೆ ಕೂತು ಆಯಸ್ಸು ಸವೆಸಿದವಳು ನಾನು. ಸಾಲು ತಪ್ಪಿಸಿ ಬಂದವನು ಸ್ಟೇಷನ್ ಮಾಸ್ಟರನ ಭಾವಮೈದನೇ ಆಗಿರಲಿ, "ಸರದಿಯಲ್ಲಿ ಬನ್ನಿ" ಎಂದು ಹಿಂದಕ್ಕೆ ಅಟ್ಟಿದ್ದೇನೆ. ನಿವೃತ್ತಿಯಾದ ಮೇಲೆ ಬೈಯುವುದಕ್ಕೂ ಜನ ಇಲ್ಲದಂತಾಯಿತು. ಮದುವೆಯ ಗೊಡವೆಗೆ ಹೋದವಳಲ್ಲ. ಮನೆಯಲ್ಲಿದ್ದದ್ದು ನಾನು, ಒಂದು ರೇಡಿಯೋ.

ಆಗ ಅಕ್ಕ ಬಂದಳು, ಒಂದು ತಿಂಗಳ ಮಟ್ಟಿಗೆ. ವರ್ಷಗಳಿಂದ ಮಂಜಾಗುತ್ತಿದ್ದ ಅವಳ ಕಣ್ಣು ಆ ವರ್ಷ ಪೂರ್ತಿ ಹೋಗಿತ್ತು. ಭಾವ ಇಲ್ಲ. ಮಗಳು ಆಸ್ಪತ್ರೆಯಲ್ಲಿ ನರ್ಸ್, ಹಗಲೆನ್ನದೆ ರಾತ್ರಿಯೆನ್ನದೆ ಡ್ಯೂಟಿ. ಅಮ್ಮ ಒಬ್ಬಳೇ ಇದ್ದಾಗ ಬಿದ್ದುಗಿದ್ದರೆ ಎಂಬ ಹೆದರಿಕೆಗೆ, ಕಣ್ಣಿಲ್ಲದ ಹಿರಿಯರನ್ನು ನೋಡಿಕೊಳ್ಳುವ ಒಂದು ನಿಲಯದಲ್ಲಿ ಜಾಗ ಕೇಳಿದ್ದಳು. ತಿಂಗಳ ಕೊನೆಗೆ ಕೋಣೆ ಖಾಲಿಯಾಗುತ್ತದೆ ಎಂದಿದ್ದರಂತೆ. ಅಲ್ಲಿಯತನಕ ನನ್ನ ಮನೆ.

"ಇಲ್ಲೇ ಇದ್ದುಬಿಡು" ಎಂದೆ ಬಂದ ದಿನವೇ.

"ಯಾರಿಗೂ ಭಾರ ಆಗೋಕೆ ನಂಗಿಷ್ಟ ಇಲ್ಲ ಕಣೇ."

"ಹಾಗಾದ್ರೆ ಹೋಗು, ಯಾರು ಬೇಡ ಅಂದ್ರು" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡನೆಯ ಸಲ ಕೇಳಲು ನನ್ನ ಜಂಬ ಬಿಡಲಿಲ್ಲ. ಅವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಳು. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದಳು, ನಾನೇ ಬಾಚುತ್ತಿದ್ದೆ.

ಅವಳ ಪೆಟ್ಟಿಗೆಗೆ ಜಾಗ ಮಾಡಲೆಂದು ಅಟ್ಟಕ್ಕೆ ಕೈ ಹಾಕಿದಾಗ ಹಡಗು ಸಿಕ್ಕಿತು. ಅಪ್ಪನ ಹಳೆಯ ಅಂಗಿಯೊಳಗೆ ಸುತ್ತಿಟ್ಟಿದ್ದು ಹಾಗೇ ಇತ್ತು. ತೋಳುದ್ದದ ಮರದ ಹಡಗು, ಅರ್ಧ ಮೈ ಮುಚ್ಚಿದೆ, ಅರ್ಧ ಪಕ್ಕೆಲುಬು ಕಾಣುತ್ತದೆ. ಜೊತೆಗೆ ದಾರ ಕಟ್ಟಿದ ತೆಳು ಪಟ್ಟಿಗಳ ಕಂತೆ. ಬಿಚ್ಚಿದೊಡನೆ ಮರದ ಹುಡಿಯ ವಾಸನೆ ಬಂತು. ಏಣಿಯ ಮೇಲೆ ನಿಂತಲ್ಲೇ ನನ್ನ ಕಣ್ಣು ತುಂಬಿತು.

ಅಪ್ಪ ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಬಡಗಿ. ಸಮುದ್ರ ಕಂಡವನಲ್ಲ, ನಮ್ಮ ಪಾಲಿಗೆ ಸಮುದ್ರವೆಂದರೆ ಕ್ಯಾಲೆಂಡರಿನ ಚಿತ್ರ. ಆದರೂ ಅದೇನು ಹುಚ್ಚೋ, ಸಂಜೆ ಬರುವಾಗ ಅಂಗಿಯ ಜೇಬಿನಲ್ಲಿ ಮರದ ಚೂರುಗಳನ್ನು ತುಂಬಿಕೊಂಡು ಬರುತ್ತಿದ್ದ. ಊಟದ ಮೇಜಿನ ಮೇಲೆ ಹಡಗಿನ ಬೆನ್ನುಮರ ನಿಲ್ಲಿಸಿ ಪಕ್ಕೆಲುಬು ಜೋಡಿಸಿದ. ಮೇಜು ಹೋಯಿತಲ್ಲ, ನಾವು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. "ಹಡಗು ಮೇಜಿನ ಮೇಲೆ, ಮನುಷ್ಯರು ನೆಲದ ಮೇಲೆ, ಚೆನ್ನಾಗಿದೆ ಸಂಸಾರ" ಎಂದು ಅಮ್ಮ ಗೊಣಗುತ್ತಿದ್ದಳು.

ನಾವಿಬ್ಬರೂ ಹಾವು ಮುಂಗುಸಿ. ಅದಕ್ಕೇ ಅಪ್ಪ ಹಡಗನ್ನೂ ಪಾಲು ಮಾಡಿದ. ಎಡಗಡೆ ಅಕ್ಕನದು, ಬಲಗಡೆ ನನ್ನದು. ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬಾಗಿಸಿ, ಅಂಟು ಹಚ್ಚಿ ಪಕ್ಕೆಲುಬಿಗೆ ಕೂರಿಸಬೇಕು. ಒಣಗುವ ತನಕ ಅಮ್ಮನ ಬಟ್ಟೆ ಕ್ಲಿಪ್ಪುಗಳೇ ಕಾವಲು. ನಿಯಮ ಒಂದೇ. ಈ ಕಡೆ ಒಂದು ಹಾಕಿದರೆ ಆ ಕಡೆ ಒಂದು. "ಒದ್ದೆ ಪಟ್ಟಿ ಒಣಗ್ತಾ ಎಳೆಯುತ್ತೆ. ಒಂದೇ ಕಡೆ ಹಾಕ್ತಾ ಹೋದ್ರೆ ಬೆನ್ನು ಸೊಟ್ಟಗಾಗುತ್ತೆ" ಎನ್ನುತ್ತಿದ್ದ. ಕ್ಲಿಪ್ಪು ನಿಲ್ಲದ ಮೂತಿಯ ಹತ್ತಿರ ಬೆರಳಿನಲ್ಲೇ ಒತ್ತಿ ಹಿಡಿಯಬೇಕು. ಹಿಡಿದವಳಿಗೆ ಬೇಸರವಾಗದಿರಲೆಂದು ಅಪ್ಪ ಕಥೆ ಹೇಳುತ್ತಿದ್ದ. ಆ ಹಡಗು ಮುಟ್ಟದ ದೇಶವಿಲ್ಲ.

ಅಪ್ಪ ತೀರಿಕೊಂಡ ವರ್ಷವೇ ಅಕ್ಕನಿಗೆ ಮದುವೆಯಾಯಿತು. ಬಲಗಡೆ ನಾನೊಂದು ಪಟ್ಟಿ ಹಾಕಿ ಮುಗಿಸಿದ್ದೆ. "ನನ್ನ ಸರದಿ ಹಾಗೇ ಇರ್ಲಿ, ಮುಟ್ಟೀಯ ಜೋಕೆ" ಎಂದು ಹೇಳಿ ಹೋದವಳು. ನಾನು ಮುಟ್ಟಲಿಲ್ಲ. ಅವಳಿಗೆ ಸಂಸಾರ, ನನಗೆ ಕೌಂಟರು. ಹಡಗು ಅಟ್ಟದಲ್ಲಿ ಮುದುಕಿಯಾಯಿತು.

ಅದನ್ನು ತಂದು ಅವಳ ಮಡಿಲಲ್ಲಿಟ್ಟೆ. "ನಿನ್ನ ಸರದಿ" ಎಂದೆ.

ಅವಳ ಬೆರಳು ಮೂತಿಯ ಮೇಲೆ ಒಮ್ಮೆ ಹರಿದು ನಿಂತಿತು. "ಕಣ್ಣಿಲ್ಲದವಳಿಗೆ ಎಂಥ ಸರದಿ. ನೀನೇ ಹಾಕ್ಕೋ."

ನನಗೆ ಪಿತ್ತ ನೆತ್ತಿಗೇರಿತು. ಹಾಕ್ಕೋ ಅಂದೆಯಾ, ಹಾಕ್ಕೋತೀನಿ ನೋಡು ಎಂದುಕೊಂಡೆ. ಹೊಸ ಅಂಟು ತಂದು, ಮೇಜೆಳೆದು ಕೂತು, ನನ್ನ ಕಡೆಗೇ ಒಂದಾದ ಮೇಲೊಂದು ಪಟ್ಟಿ ಬಿಗಿದೆ. ಜೀವಮಾನವೆಲ್ಲ ಸಾಲು ಕಾಯ್ದವಳು ನಾನೇ ಸಾಲು ಮುರಿದೆ. ಇಷ್ಟು ವರ್ಷದ ಮೇಲೂ ಕೈ ಮರೆತಿರಲಿಲ್ಲ, ಸುಳ್ಳೇಕೆ ಹೇಳಲಿ, ಖುಷಿಯೂ ಆಯಿತು.

ಮರುದಿನ ಬೆಳಿಗ್ಗೆ ಕಾಫಿ ತರುವಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಮೇಜಿನ ಹತ್ತಿರ ಬಂದು ನಿಂತಿದ್ದಳು. ಅಂಗೈಯನ್ನು ಹಡಗಿನ ಬೆನ್ನುಮರದುದ್ದಕ್ಕೂ ಎಳೆಯುತ್ತಿದ್ದಳು.

"ಸೊಟ್ಟಗಾಗಿದೆ" ಎಂದಳು.

ಬಗ್ಗಿ ನೋಡಿದೆ. ನನ್ನ ಕಣ್ಣಿಗೆ ನೆಟ್ಟಗೇ ಇತ್ತು. ಸ್ಕೇಲು ಇಟ್ಟು ನೋಡಿದಾಗ ಬೆನ್ನು ಬಲಕ್ಕೆ ವಾಲಿತ್ತು.

"ಒಂದೇ ಕಡೆ ಹಾಕಿದ್ಯಲ್ಲೇ. ಅಪ್ಪ ಬಡ್ಕೊಂಡಿದ್ದು ಗೋಡೆಗಾ?"

"ನೀನೇ ಅಲ್ವಾ ಹಾಕ್ಕೋ ಅಂದಿದ್ದು."

"ಬಾವಿಗೆ ಬೀಳು ಅಂದ್ರೆ ಬೀಳ್ತೀಯಾ? ನೀರು ಕಾಯ್ಸು, ಹೋಗು. ಪೂರ್ತಿ ಒಣಗೋಕೆ ಮೊದ್ಲು ಈ ಕಡೆಯಿಂದ ಎಳೀಬೇಕು."

ನೀರು ಕಾಯಿಸಿದೆ. ಅವಳು ಪಟ್ಟಿಯನ್ನು ನೆನೆಸಿ, ಕೆನ್ನೆಗೆ ಒತ್ತಿ ಹದ ನೋಡಿ, ಬಾಗಿಸಿ ಕೂರಿಸಿದಳು. ಅಂಟು ಸೆರಗಿಗೆಲ್ಲ ಮೆತ್ತಿತು, ಮೊದಲನೆಯ ಪಟ್ಟಿ ಮುರಿಯಿತು, ಎರಡನೆಯದು ಕೂತಿತು. "ಕ್ಲಿಪ್ಪು" ಎಂದು ಕೈ ಚಾಚುವಳು, ನಾನು ಕೊಡುವೆ. ಕ್ಲಿಪ್ಪು ಮುಗಿದಾಗ ಹಿತ್ತಲಿನ ತಂತಿಯಿಂದ ಕಿತ್ತು ತಂದೆ. ಒಗೆದ ಬಟ್ಟೆಯೆಲ್ಲ ಮಣ್ಣುಪಾಲಾಯಿತು. ಅಕ್ಕ ಆ ದಿನ ಉಂಡ ಮೇಲೆ ತಾನೇ ತಲೆ ಬಾಚಿಕೊಂಡಳು.

ಅಂದಿನಿಂದ ನಮ್ಮದು ಅದೇ ಹಳೆಯ ಮನೆಯಾಯಿತು. ಮೇಜು ಹಡಗಿಗೆ, ತಟ್ಟೆ ತೊಡೆಗೆ. ಜಗಳವಾಡಿದೆವು, ಅಪ್ಪನ ಕಥೆಗಳನ್ನು ಒಬ್ಬರಿಗೊಬ್ಬರು ತಿದ್ದಿದೆವು. ಬೆನ್ನು ನಿಧಾನವಾಗಿ ನೆಟ್ಟಗಾಯಿತು. ನಿಲಯದ ಮಾತು ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇರು ಎಂಬ ಎರಡಕ್ಷರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವಳು ಮತ್ತೆ ಬೇಡವೆಂದರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ತಿಂಗಳು ಮುಗಿಯಿತು. ಮಗಳು ಕಾರು ತಂದಳು. ಒಳಗೆ ಬಂದವಳೇ ಪೆಟ್ಟಿಗೆಯನ್ನು ಎತ್ತಿ ಕಾರಿನಲ್ಲಿಟ್ಟು ಬಂದಳು. "ಅಮ್ಮ, ಹೊರಡೋಣ್ವಾ?"

ಅಕ್ಕ ಹಡಗಿನ ಮೂತಿಯಲ್ಲಿ ಪಟ್ಟಿಯೊಂದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂತಿದ್ದಳು. "ಅಂಟು ಒಣಗ್ಲಿ. ಕೈ ಬಿಟ್ರೆ ಎದ್ದುಬಿಡುತ್ತೆ."

ಮಗಳು ಸುಸ್ತಾಗಿ ಕೂತಳು. ಕಥೆ ಹೇಳುವುದು ನನ್ನ ಕೆಲಸ, ಒಂದೂ ನೆನಪಾಗಲಿಲ್ಲ. ಕೊನೆಗೆ ಅಕ್ಕ ಬೆರಳು ತೆಗೆದಳು. ಪಟ್ಟಿ ನಿಂತಿತು. ಅವಳು ಕೈಯೊರೆಸಿಕೊಂಡು, "ನನ್ನದಾಯ್ತು. ಈಗ ನಿಂದು, ಹಾಕು" ಎಂದಳು.

ನಾನು ಪಟ್ಟಿ ಎತ್ತಿಕೊಂಡೆ. ಎತ್ತಿಕೊಂಡವಳು ಹಾಗೇ ನಿಂತೆ.

"ಹಾಕಲ್ಲ."

"ಯಾಕೆ?"

"ನಾನು ಹಾಕಿದ್ಮೇಲೆ ನಿನ್ನ ಸರದಿ ಬರುತ್ತೆ. ನೀನಿರಲ್ಲ. ಆವಾಗ ಸಣ್ಣವಳು, ಕಾದೆ. ಈಗ ಇನ್ನೊಂದು ಸಲ ಕಾಯೋಷ್ಟು ಆಯಸ್ಸು ನಂಗಿಲ್ಲ ಅಕ್ಕ." ಪಟ್ಟಿಯನ್ನು ಮೇಜಿನ ಮೇಲಿಟ್ಟೆ. "ನೀನು ಭಾರ ಅಂತ ನಾನು ಯಾವತ್ತು ಅಂದೆ? ಈ ಮನೇಲಿ ಒಬ್ಬಳೇ ಇದ್ದು ಸಾಕಾಗಿದೆ. ಹೋಗ್ಬೇಡ."

ಮಗಳು ನನ್ನ ಮುಖ ನೋಡಿದಳು. ಅಕ್ಕ, "ಇಷ್ಟು ಹೇಳೋಕೆ ನಿಂಗೆ ಒಂದು ತಿಂಗಳು ಬೇಕಾಯ್ತಾ?" ಎಂದಳು. "ಹೋಗು ಅಂದೋಳು ನೀನು. ಇರು ಅನ್ನೋದು ನಿನ್ನ ಸರದಿ ಅಂತ ಕಾದು ಕೂತಿದ್ದೆ." ಮಗಳ ಕಡೆಗೆ ತಿರುಗಿ, "ಪೆಟ್ಟಿಗೆ ಇಳಿಸಮ್ಮ. ಮುಂದಿನ್ಸಲ ಬರುವಾಗ ಒಂದಿಷ್ಟು ಬಟ್ಟೆ ಕ್ಲಿಪ್ಪು ತಗೊಂಡು ಬಾ, ನಿನ್ನ ಚಿಕ್ಕಮ್ಮ ಒದ್ದೆ ಬಟ್ಟೇಲೇ ಓಡಾಡ್ತಿದ್ದಾಳೆ" ಎಂದಳು.

ಮಗಳು ನಗುತ್ತಲೋ ಅಳುತ್ತಲೋ ಕಾರಿನ ಕಡೆ ಹೋದಳು. ನಾನು ಅಂಟು ಹಚ್ಚಿ ನನ್ನ ಪಟ್ಟಿಯನ್ನು ಕೂರಿಸಿದೆ. ಕಣ್ಣೀರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಕ್ಕ ಕೈ ಚಾಚಿ, ಬೆರಳಿನ ತುದಿಯಿಂದ ಅದನ್ನು ಮೂತಿಯಿಂದ ಹಿಂದಿನವರೆಗೂ ಸವರಿ ನೋಡಿದಳು.

"ಉಬ್ಬಿದೆ. ತೆಗೆದು ಮತ್ತೆ ಹಾಕು" ಎಂದಳು. "ನಿಧಾನಕ್ಕೆ ಹಾಕು. ನಾನೇನು ಎಲ್ಲೂ ಹೋಗಲ್ಲ."