ನಾಚಿಕೆಗೆ ಸಿಗದ ಹೊಂಬಾಳಮ್ಮ

ಸಿಟ್ಟು ಬಂದರೆ ಹೊಂಬಾಳಮ್ಮನವರು ಎದ್ದು ನಿಲ್ಲುತ್ತಾರೆ. ಅದು ಇಳಿಯುವವರೆಗೆ ಯಾರು ಎಷ್ಟು ಬೇಡಿಕೊಂಡರೂ ಕೂರುವುದಿಲ್ಲ. ಮದ್ದೂರಿನಲ್ಲಿ ನಮ್ಮ ಮನೆಗೆ ಎದುರಾಗಿರುವ ಅವರ ಟೈಲರಿಂಗ್ ಅಂಗಡಿಯಲ್ಲಿ, ಹೊಲಿಗೆ ಯಂತ್ರವನ್ನು ಬಿಟ್ಟು ಅವರು ಸೆಟೆದು ನಿಂತಿರುವುದು ಕಂಡರೆ, ರವಿಕೆ ಕೇಳಲು ಬಂದ ಹೆಂಗಸರು ಹೊಸ್ತಿಲಿನಿಂದಲೇ ಹಿಂದಿರುಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಐವತ್ತು ದಾಟಿದ, ನೀಳಕಾಯದ, ಬಿರುಸು ನಡಿಗೆಯ ಹೆಂಗಸು. ತೀರಿಹೋದ ಗಂಡನ ಕಂದು ಕೋಟನ್ನು ಸೀರೆಯ ಮೇಲೆ ತೊಟ್ಟು, ಅದರ ಜೇಬಿಗೆ ಅಳತೆಯ ಟೇಪು ತುರುಕಿಕೊಂಡು, ಬಿರುಬೇಸಿಗೆಯಲ್ಲೂ ಸ್ಕೂಟರ್ ಏರುವವರು. ಅದರ ಹಿಂದೆ ಏನೋ ವಿರಹದ ಕಥೆಯಿದೆಯೆಂದು ಭಾವಿಸಿ ನಾನೊಮ್ಮೆ ಮೃದುವಾಗಿ ವಿಚಾರಿಸಿದರೆ, "ಜೇಬವೆ ಮೇಷ್ಟ್ರೇ. ಸೀರೆಗೆಲ್ಲಿ ಜೇಬು?" ಎಂದುಬಿಟ್ಟರು.

ಅವರದೊಂದು ಹಟವಿತ್ತು. ಮದುವೆಯ ರವಿಕೆಗೆ ಕತ್ತು ಎಷ್ಟು ಆಳವಿರಬೇಕೆಂದು ತಾಯಿಯೋ ಅತ್ತೆಯೋ ಹೇಳಿದರೆ ಕತ್ತರಿ ಎತ್ತುತ್ತಿರಲಿಲ್ಲ. "ತೊಡೋರ್ ಯಾರವ್ವ? ಅವ್ರು ಬಂದು ಯೋಳ್ಲಿ" ಎಂದು ಬಟ್ಟೆಯನ್ನು ಮಡಿಸಿ ವಾಪಸು ಕೊಡುತ್ತಿದ್ದರು. ಇದರಿಂದ ಕಳೆದುಕೊಂಡ ಗಿರಾಕಿಗಳ ಬಗ್ಗೆ ಅವರು ಮರುಗಿದ್ದನ್ನು ನಾನು ಕಾಣೆ.

ಇಂಥ ಹೆಂಗಸು ಡೇಟಿಂಗ್ ಆ್ಯಪ್ ಒಂದಕ್ಕೆ ಸದಸ್ಯೆಯಾದರು. ಐವತ್ತು ಮೀರಿದವರಿಗೆ ಗೆಳೆತನ ಒದಗಿಸುತ್ತೇವೆಂಬ ಜಾಹೀರಾತು ಮೊಬೈಲಿನಲ್ಲಿ ಬಂದಿತ್ತು. ಒಬ್ಬಳೇ ಮಗಳು ಅಮೃತ ಮದುವೆಯಾಗಿ ಮೈಸೂರಿನಲ್ಲಿದ್ದಳು. ಅಂಗಡಿಯ ಬಾಗಿಲೆಳೆದ ಮೇಲಿನ ಸಂಜೆಗಳು ಅವರಿಗೆ ಭಾರವಾಗಿದ್ದವು. ನನಗೆ ಅದನ್ನು ಯಾವ ಪೀಠಿಕೆಯೂ ಇಲ್ಲದೆ ಹೇಳಿದರು. "ಮದ್ವೆಗಲ್ಲ ಮೇಷ್ಟ್ರೇ. ವಸಿ ಮಾತಾಡಕ್ಕೆ, ವೈದ್ಯನಾಥಪುರದ ಗುಡಿ ತಂಕ ಜೊತೇಲಿ ಓಗ್ಬರಕ್ಕೆ ಒಬ್ರು ಬೇಕು, ಅಷ್ಟೇಯ." ಆ್ಯಪ್ ನಡೆಸುವ ಕಂಪನಿಯವರು ಇಡೀ ವರ್ಷದ ಶುಲ್ಕವನ್ನು ಮೊದಲೇ ಕಟ್ಟಿಸಿಕೊಂಡರು. ಆಮೇಲೆ ಬಂದ ಗೆಳೆಯರಲ್ಲಿ ಒಬ್ಬ, ಜಮೀನು ಯಾರ ಹೆಸರಿನಲ್ಲಿದೆಯೆಂದು ಮೊದಲ ದಿನವೇ ಕೇಳಿದ. ಉಳಿದ ಮೂವರು ಸಜ್ಜನರು ಬೇರೆ ಬೇರೆ ಊರುಗಳಿಂದ ಒಂದೇ ಹೊಗಳಿಕೆಯನ್ನು, ಒಂದೇ ಕಾಗುಣಿತದ ತಪ್ಪಿನೊಂದಿಗೆ ಬರೆದರು. ಆ ಮೂವರೂ ಕಂಪನಿಯ ಸಂಬಳದಲ್ಲಿರುವ ಒಬ್ಬನೇ ಎಂಬುದು ಹೊಂಬಾಳಮ್ಮನವರಿಗೆ ಹೊಳೆಯಲು ತಡವಾಗಲಿಲ್ಲ.

ಸದಸ್ಯತ್ವ ರದ್ದು ಮಾಡಲು ಹೋದರೆ ತೆರೆಯ ಮೇಲೆ, ಕಿಟಕಿಯ ಬಳಿ ಕೂತು ಕಣ್ಣೀರಿಡುವ ಮುದುಕಿಯ ಚಿತ್ರ, ಅದರ ಕೆಳಗೆ ಒಂದು ಪ್ರಶ್ನೆ: "ನೀವು ಮತ್ತೆ ಒಂಟಿತನಕ್ಕೆ ಮರಳಲು ಬಯಸುವಿರಾ?" ಹೌದು ಎಂದು ಒತ್ತಿದರೆ ಇನ್ನೊಂದು ಪ್ರಶ್ನೆ, ಅದಕ್ಕೂ ಒತ್ತಿದರೆ ಮತ್ತೆ ಅದೇ ಮುದುಕಿ. ಇವರ ಫೋಟೊ ಮಾತ್ರ ಯಾರು ಬೇಕಾದರೂ ನೋಡುವಂತೆ ಅಲ್ಲೇ ನೇತಾಡುತ್ತಿತ್ತು. ಕೊನೆಗೆ ಅಂಗಡಿಯಿಂದಲೇ ಫೋನ್ ಮಾಡಿದರು. ಅಂಗಿಯ ಕಾಲರ್ ತಿರುಗಿಸಿಕೊಡಿ ಎಂದು ಹೋಗಿದ್ದ ನಾನು ಅಲ್ಲೇ ಇದ್ದೆ. ಆ ಕಡೆಯ ತರುಣನ ದನಿ ಜೇನಿನಂತಿತ್ತು. "ಕ್ಯಾನ್ಸಲ್ ಮಾಡೋಕೆ ನೀವು ಕೊಟ್ಟಿರೋ ಮನೆಯವರ ನಂಬರಿಗೆ ಫೋನ್ ಮಾಡಿ ಖಚಿತಪಡಿಸ್ಕೋಬೇಕು ಮೇಡಂ. ಇದು ನಿಮ್ಮ ಅಳಿಯಂದಿರ ನಂಬರ್ ಅಲ್ವಾ? ಮಾಡ್ಲಾ?"

ಅಷ್ಟೇ. ಬೆದರಿಕೆಯ ಒಂದು ಪದವೂ ಅದರಲ್ಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಜನ ಈ "ಮಾಡ್ಲಾ?" ಕೇಳಿ ಬೆವತು, ಬೇಡ ಬಿಡಪ್ಪ ಎಂದು ಫೋನ್ ಇಟ್ಟಿರಬಹುದೋ ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೊಂಬಾಳಮ್ಮನವರು ಎದ್ದು ನಿಂತರು. ಆ ಕರೆಯನ್ನು ಕತ್ತರಿಸಿ ಅಳಿಯನಿಗೆ ತಾವೇ ಫೋನ್ ಹಚ್ಚಿದರು. "ಸ್ವರೂಪಪ್ಪ, ನಾನು ಮೊಬೈಲ್ನಲ್ಲಿ ಡೇಟಿಂಗ್ ಸೇರಿದ್ದೆ ಕಣಪ್ಪ. ಮೋಸ ಮಾಡವ್ರೆ. ನಿಂಗೆ ಫೋನ್ ಮಾಡ್ತರೆ, ನಂಗೆಲ್ಲ ಗೊತ್ತು ಅನ್ನು." ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಂಜೆಯೊಳಗೆ ಸುದ್ದಿ ಬೀದಿ ದಾಟಿತ್ತು. ಮಾರನೆಯ ದಿನ ಮಳವಳ್ಳಿಯಿಂದ ಅವರ ಅಣ್ಣ ತಿಮ್ಮಯ್ಯ ಬೈಕಿನಲ್ಲಿ ಬಂದಿಳಿದು, ಇನ್ನು ತನ್ನ ಮನೆಯ ಬಾಗಿಲು ತುಳಿಯಬೇಡವೆಂದು ನಡುಬೀದಿಯಲ್ಲಿ ಅಬ್ಬರಿಸಿದ.

"ಅವ್ರು ಸತ್ತಾಗ್ಲಿಂದ ನಿನ್ ಮನೇಲಿ ಯಾರ್ಲಾ ನನ್ನ ಕೂರ್ಸ್ಕಂಡು ಮಾತಾಡ್ಸವ್ರೆ? ಓಗು" ಎಂದರು ಇವರು. ಅಂದು ಮಧ್ಯಾಹ್ನ ಊಟ ಮಾಡಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು.

ಕಂಪನಿಯ ಶಾಖೆ ಮಂಡ್ಯದಲ್ಲಿತ್ತು. ಜೊತೆಗೆ ಬನ್ನಿರೆಂದು ಕರೆದರು, ಹೋದೆ. ಮೂರನೆಯ ಮಹಡಿಯ ಗಾಜಿನ ಕಚೇರಿಯಲ್ಲಿ ನಮಗಿಂತ ಮೊದಲೇ ಒಬ್ಬರು ಕಾದು ಕೂತಿದ್ದರು. ಹೆಸರು ಮಹದೇವಯ್ಯ, ನಿವೃತ್ತ ಗುಮಾಸ್ತ. ಮೂಗಿನ ತನಕ ಮಾಸ್ಕ್ ಏರಿಸಿ, ತಾವೂ ಇದೇ ಕೆಲಸಕ್ಕೆ ತಿಂಗಳುಗಟ್ಟಲೆಯಿಂದ ತಿರುಗುತ್ತಿರುವುದಾಗಿ ಪಿಸುದನಿಯಲ್ಲಿ ಹೇಳಿದರು. ಅಷ್ಟರಲ್ಲಿ ಪ್ರಸನ್ನ ಎಂಬ ಮ್ಯಾನೇಜರ್ ಹೊರಬಂದ. ಹೊಂಬಾಳಮ್ಮನವರ ದನಿ ಕಾರಿಡಾರಿನ ಕೊನೆಯವರೆಗೂ ಹೋಯಿತು.

"ಗಂಡ ಸತ್ತೋಳು ಮಾತಾಡಕ್ಕೊಬ್ರು ಬೇಕು ಅಂದ್ರೆ ನಿಮ್ಗೆ ಯಾಪಾರ. ಬ್ಯಾಡ ಅಂದ್ರೆ ಅಳಿಯಂಗೆ ಯೋಳ್ತೀವಿ ಅಂತ ಎದ್ರುಸ್ತೀರಾ? ಯೋಳಾಯ್ತು! ಇನ್ಯಾರ್ಗೆ ಯೋಳ್ತೀರಿ, ಯೋಳಿ!"

ಎದುರಿನ ಕಂಪ್ಯೂಟರ್ ತರಗತಿಯ ಹುಡುಗಿಯರು ಬಾಗಿಲಿಗೆ ಬಂದು ನಿಂತರು. ಪ್ರಸನ್ನ ಕೈ ಜೋಡಿಸಿದ. "ಅಮ್ಮಾ, ದಯವಿಟ್ಟು ಒಳಗೆ ಬನ್ನಿ. ನಿಮ್ಮ ಮರ್ಯಾದೆ ಪ್ರಶ್ನೆ."

"ನನ್ ಮರ್ವಾದೆ ನನ್ನತ್ರ ಭದ್ರವಾಗದೆ. ನಾನು ಅರಾಜು ಕೂಗ್ತಿರದು ನಿನ್ ಮರ್ವಾದೆ ಕಣಪ್ಪ."

ಮಹದೇವಯ್ಯನವರಿಗೆ ತಿಂಗಳುಗಟ್ಟಲೆ ಆಗದ ಕೆಲಸ ಇವರಿಗೆ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಆಯಿತು. ಕಣ್ಣೆದುರೇ ಫೋಟೊ ಅಳಿಸಿದರು, ಹಣ ಖಾತೆಗೆ ಮರಳಿತೆಂಬ ಸಂದೇಶ ಮೊಬೈಲಿಗೆ ಬಂತು. "ಈಗ ಇವ್ರುದ್ದೂ ಮಾಡು" ಎಂದು ಹೊಂಬಾಳಮ್ಮನವರು ಹಿಂದಕ್ಕೆ ತಿರುಗಿದರೆ ಕುರ್ಚಿ ಖಾಲಿ. ಗದ್ದಲ ಶುರುವಾದೊಡನೆ ಮಹದೇವಯ್ಯ ಎದ್ದು ಹೋಗಿದ್ದರು. ಕಿಟಕಿಯಿಂದ ನೋಡಿದರೆ, ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡು, ತಲೆ ತಗ್ಗಿಸಿ, ಓಡುವಂತೆ ರಸ್ತೆ ದಾಟುತ್ತಿದ್ದರು.

ಗೆದ್ದ ಮುಖದಲ್ಲಿ ಸಿಟ್ಟು ಇಮ್ಮಡಿಯಾಗಿದ್ದನ್ನು ನಾನು ಅಂದೇ ಕಂಡದ್ದು. "ನೋಡಿ ಮೇಷ್ಟ್ರೇ, ಕದ್ದೋರು ಫ್ಯಾನ್ ಕೆಳಗೆ ಕೂತವ್ರೆ. ಕಳ್ಕಂಡೋರು ಕಳ್ರಂಗೆ ಓಡೋಯ್ತಾವ್ರೆ."

ತಿಮ್ಮಯ್ಯ ಇನ್ನೂ ಬಂದಿಲ್ಲ. ಕೆಲವು ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಆದರೆ ಸಂಜೆಯ ವೇಳೆ ಅಪರಿಚಿತರು, ಗಂಡಸರೂ ಹೆಂಗಸರೂ, ಬಟ್ಟೆಯ ನೆಪದಲ್ಲಿ ಬಂದು, ನಮ್ಮದೂ ಬಿಡಿಸಿಕೊಡಿ ಎಂದು ತಗ್ಗಿದ ದನಿಯಲ್ಲಿ ಕೇಳುವುದುಂಟು. ಹೊಂಬಾಳಮ್ಮನವರದು ಒಂದೇ ಉತ್ತರ: "ಮೊದ್ಲು ಮನೇಲಿ ಯೋಳಿ. ಆಮ್ಯಾಕೆ ಬನ್ನಿ, ಜೊತೇಗ್ ಬತ್ತೀನಿ." ಹೆಚ್ಚಿನವರು ಮತ್ತೆ ಬರುವುದಿಲ್ಲ.

ನಮ್ಮ ಊರುಗಳಲ್ಲಿ ಇಂಥವರಿಗೆ ಬಾಯಿಬಡುಕಿ ಎಂಬ ಬಿರುದು ತಪ್ಪುವುದಿಲ್ಲ. ಜೊತೆ ಬೇಕೆಂದು ಬಯಸುವುದೇ ಅಪರಾಧವೆಂಬಂತೆ ನಾವೆಲ್ಲ ತಲೆ ತಗ್ಗಿಸಿರುವುದರಿಂದಲೇ ವಂಚಕರ ಅಂಗಡಿಗಳು ನಿಶ್ಚಿಂತೆಯಿಂದ ನಡೆಯುತ್ತವೆ. ಆಗಾಗ ಒಬ್ಬರು ಅಣ್ಣನನ್ನೋ ಗಿರಾಕಿಯನ್ನೋ ಕಳೆದುಕೊಂಡು ತಲೆ ಎತ್ತುತ್ತಾರೆ. ಅವರು ಬೀದಿಯಲ್ಲಿ ನಿಂತು ಕೂಗುವುದು ನಮ್ಮ ಪರವಾಗಿಯೂ ಹೌದು. ನಾವು ಮಾತ್ರ ಕಿಟಕಿ ಮುಚ್ಚಿಕೊಂಡು, ಏನು ಗಲಾಟೆಯಪ್ಪ ಇದು, ಎನ್ನುತ್ತೇವೆ.