ಗುಂಪು ಒಂದೇ, ಗುರುತು ಬೇರೆ

ಬೆಳಗ್ಗೆ ಹತ್ತರ ಹೊತ್ತಿಗೇ ಸಲೂನಿನ ಕುರ್ಚಿಗಳೆಲ್ಲ ತುಂಬಿದ್ದವು. ಕ್ಷೌರಿಕ ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಎತ್ತಿದವನು, ಮತ್ತೆ ಕೈ ತಡೆದು ಜೇಬಿನ ಫೋನ್ ನೋಡಿದ.

"ಏನಪ್ಪಾ ಬಾಯಿಬಡುಕ, ಇವತ್ತು ನಿನ್ನ ರೇಡಿಯೋ ಕೆಟ್ಟಿದೆಯಾ?" ಎಂದು ಗಿರಾಕಿ ಕನ್ನಡಿಯಲ್ಲೇ ನಕ್ಕ.

ಆ ಬೀದಿಯಲ್ಲಿ ಯಾರ ಮನೆಯ ಗುಟ್ಟೂ ಕ್ಷೌರಿಕನ ಕಿವಿ ತಪ್ಪುತ್ತಿರಲಿಲ್ಲ. ಅವನ ಮನೆಯ ಗುಟ್ಟು ಮಾತ್ರ ಹದಿನೆಂಟು ವರ್ಷವಾದರೂ ಹೊಸ್ತಿಲು ದಾಟಿರಲಿಲ್ಲ. ಮಗಳಿಗೆ ಥಲಸ್ಸೇಮಿಯಾ. ಮೈಯಲ್ಲಿ ಸಾಕಷ್ಟು ರಕ್ತ ತಯಾರಾಗದ, ಹುಟ್ಟಿನಿಂದಲೇ ಬಂದ ಕಾಯಿಲೆ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಿದರೆ ಅವಳು ಎದ್ದು ಓಡಾಡುವಳು. ಯಾರಾದರೂ ಕೇಳಿದರೆ "ಸ್ವಲ್ಪ ನಿಶ್ಶಕ್ತಿ" ಎಂದು ಮಾತು ತೇಲಿಸುತ್ತಿದ್ದ. ನಾಳೆ ಇನ್ನೊಂದು ಮನೆ ಸೇರಬೇಕಾದ ಹೆಣ್ಣು, ಊರ ಬಾಯಿಗೆ ಬೀಳಬಾರದು ಎಂಬುದು ಅವನ ವಾದ.

ಎರಡು ವಾರದ ಹಿಂದೆ ಎಂದಿನ ಆಸ್ಪತ್ರೆಗೆ ಹೋದಾಗ, ಎದುರುಮನೆಯ ಹೆಂಗಸು ಬಿಳಿ ಕೋಟು ಹಾಕಿಕೊಂಡು ರಕ್ತನಿಧಿಯಿಂದ ಹೊರಬಂದದ್ದು ಕಂಡಿತು. ಅವಳಿಗೆ ಯಾವುದೋ ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ಅವನಿಗೆ ಗೊತ್ತಿತ್ತು. ಮಗಳ ಕೈ ಹಿಡಿದು ಬಂದ ದಾರಿಗೆ ಸುಂಕವಿಲ್ಲದಂತೆ ತಿರುಗಿಬಿಟ್ಟ. ಮರುದಿನ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ರಕ್ತ ಹಾಕಿಸಿದ. ಹಳೆಯ ಆಸ್ಪತ್ರೆಯ ಕಡತ ಒಯ್ಯಲಿಲ್ಲ. ಅದನ್ನು ನೋಡಿ ಇವರು ಅಲ್ಲಿಗೆ ಫೋನ್ ಮಾಡಿದರೆ? ಹತ್ತನೇ ದಿನ ಮಗಳಿಗೆ ಜ್ವರ ಬಂತು. ಕಣ್ಣು ಹಳದಿಯಾಯಿತು, ಮೂತ್ರ ಕಡುಗಂದು. ಈಗ ಅವಳು ಅದೇ ಹೊಸ ಆಸ್ಪತ್ರೆಯಲ್ಲಿ ಮಲಗಿದ್ದಳು, ಹೆಂಡತಿ ಜೊತೆಗಿದ್ದಳು.

ಕೊನೆಗೂ ಫೋನ್ ಮೊಳಗಿತು. "ರಕ್ತ ಮೊದಲಿಗಿಂತಲೂ ಇಳಿದಿದೆಯಂತೆ. ಬೇಗ ಬನ್ನಿ," ಎಂದಳು ಹೆಂಡತಿ. ಅರ್ಧ ಬೋಳಿಸಿದ ಗಡ್ಡವನ್ನು ಕೆಲಸದವನಿಗೆ ಒಪ್ಪಿಸಿ ಅವನು ಓಡಿದ.

ಹಾಸಿಗೆಯ ಬಳಿ ಆ ಆಸ್ಪತ್ರೆಯ ಲ್ಯಾಬಿನವಳು ನಿಂತಿದ್ದಳು. "ಗುಂಪು ಒಂದೇ ಆದ್ರೆ ಸಾಲದು. ರಕ್ತದ ಕಣಗಳ ಮೇಲೆ ಇನ್ನೂ ಸಣ್ಣಪುಟ್ಟ ಗುರುತುಗಳಿರ್ತವೆ. ಪದೇ ಪದೇ ರಕ್ತ ತಗೊಳ್ಳೋರಲ್ಲಿ ಕೆಲವರ ಮೈ ಅಂಥದ್ದೊಂದು ಗುರುತನ್ನ ಶತ್ರು ಅಂತ ನೆನಪಿಟ್ಕೊಳ್ಳುತ್ತೆ, ಆಮೇಲೆ ಹಾಕಿದ ರಕ್ತವನ್ನೇ ಒಡೆದುಹಾಕುತ್ತೆ. ಅವತ್ತು ನಮ್ಮ ಪರೀಕ್ಷೆಗೆ ಅದು ಸಿಗದ ಹಾಗೆ ಅಡಗಿ ಕೂತಿತ್ತು. ಮೊದಲು ಯಾರಾದ್ರೂ ಇದನ್ನ ಹೇಳಿದ್ರಾ?"

"ಇಲ್ಲ," ಎಂದ ಕ್ಷೌರಿಕ.

"ಹೇಳಿದ್ರು," ಎಂದಳು ಮಗಳು ಕಣ್ಣು ತೆರೆಯದೆ. "ಬರೆದೂ ಕೊಟ್ಟಿದ್ರು. ಕಡತದಲ್ಲಿದೆ."

ಲ್ಯಾಬಿನವಳು ಅವನನ್ನು ಒಮ್ಮೆ ನೋಡಿದಳು, ಬಯ್ಯಲಿಲ್ಲ. "ಹನ್ನೆರಡು ಪ್ಯಾಕೆಟ್ ನೋಡಿದೆ, ಒಂದೂ ಹೊಂದಲಿಲ್ಲ. ಇನ್ನಷ್ಟು ತರಿಸ್ತೀನಿ," ಎಂದು ಹೋದಳು.

"ನಿನಗೋಸ್ಕರಾನೇ ಕಣೇ ಮುಚ್ಚಿಟ್ಟಿದ್ದು," ಎಂದ ಅವನು. "ನಾಲ್ಕು ಜನಕ್ಕೆ ಗೊತ್ತಾದ್ರೆ ನಾಳೆ ನಿನ್ನನ್ನ ಯಾರು ಒಪ್ತಾರೆ?"

"ನಾಳೆ ತನಕ ನಾನು ಇರಬೇಕಲ್ಲಪ್ಪಾ."

ಹೆಂಡತಿ ಕಿಟಕಿಯತ್ತ ತಿರುಗಿದಳು. ಕ್ಷೌರಿಕ ಎದ್ದ, ಕುಳಿತ, ಮತ್ತೆ ಎದ್ದ. ಕೈಗೆ ಏನಾದರೂ ಕೆಲಸ ಬೇಕೆನಿಸಿ ಹೊದಿಕೆಯ ಅಂಚು ಎಳೆದು ಸರಿಮಾಡಿದ. ಆಮೇಲೆ ಹೊರಟು, ಮನೆಗೆ ಹೋಗಿ ಕಡತ ಹಿಡಿದು, ಹಳೆಯ ಆಸ್ಪತ್ರೆಯ ರಕ್ತನಿಧಿಯ ಬಾಗಿಲಿಗೆ ಬಂದು ನಿಂತ.

ಎದುರುಮನೆಯವಳು ತಲೆಯೆತ್ತಿದಳು. "ತಂಗೀ, ನನ್ನ ಮಗಳಿಗೆ..."

"ಗೊತ್ತಣ್ಣಾ. ಕೆಲಸಕ್ಕೆ ಸೇರಿದ ದಿನವೇ ಪುಸ್ತಕದಲ್ಲಿ ಹೆಸರು ನೋಡಿದೆ, ಎರಡು ವರ್ಷ ಆಯ್ತು."

"ಎರಡು ವರ್ಷ? ಬೀದೀಲಿ ಯಾರೂ ಏನೂ ಅನ್ನಲಿಲ್ಲ!"

"ನಾನು ಹೇಳಿದ್ರೆ ತಾನೇ ಅನ್ನೋದು?" ಅವಳು ಕಡತ ಇಸಿದುಕೊಂಡಳು. "ಅವಳಿಗೆ ಹೊಂದೋ ಇಬ್ಬರನ್ನ ನಾವು ಹುಡುಕಿಟ್ಟಿದ್ವಿ. ಆ ದಿನಕ್ಕೆ ರಕ್ತ ತೆಗೆದೂ ಇಟ್ಟಿದ್ವಿ. ನೀವು ಬರಲೇ ಇಲ್ಲ. ಕಾದು ಕಾದು ಬೇರೆಯವರಿಗೆ ಕೊಟ್ವಿ."

ಅವಳು ಆಗಲೇ ಫೋನ್ ಎತ್ತಿದ್ದಳು. "ಆ ಇಬ್ಬರೂ ಎರಡು ವಾರದ ಹಿಂದಷ್ಟೇ ಕೊಟ್ಟಿದ್ದಾರೆ, ಮತ್ತೆ ಕರೆಯೋ ಹಾಗಿಲ್ಲ. ಒಬ್ಬನ ತಮ್ಮನದೂ ಹೊಂದುತ್ತೆ, ಪರೀಕ್ಷೆ ಮಾಡಿಟ್ಟಿದ್ದೀನಿ. ಕೇಳ್ತೀನಿ. ನೀವು ಮಗಳನ್ನ ಇಲ್ಲಿಗೆ ಕರೆತನ್ನಿ."

ಮಧ್ಯಾಹ್ನ ಆಂಬುಲೆನ್ಸಿನಲ್ಲಿ ಮಗಳು ಬಂದಳು. ಒಳಗೆ ವೈದ್ಯರು ಅವಳನ್ನು ನೋಡುತ್ತಿದ್ದಾಗ ಕ್ಷೌರಿಕ ಓಣಿಯಂಥ ಹಜಾರದಲ್ಲಿ ಶತಪಥ ತಿರುಗುತ್ತಿದ್ದ. ಬೆಂಚಿನ ಮೇಲೆ ಗ್ರೀಸು ಮೆತ್ತಿದ ಅಂಗಿಯ ಮೆಕ್ಯಾನಿಕ್ ಒಬ್ಬ ತೋಳು ಮಡಚಿ, ಮೊಣಕೈಯೊಳಗಿನ ಹತ್ತಿಯನ್ನು ಒತ್ತಿಕೊಂಡು ಕೂತಿದ್ದ.

"ಕೂತ್ಕೊಳ್ಳಿ ಯಜಮಾನ್ರೇ, ನೆಲ ಸವೆದೀತು," ಎಂದ ಅವನು. "ಯಾರೋ ಹುಡುಗಿಗೆ ನನ್ನ ರಕ್ತವೇ ಆಗಬೇಕಂತೆ. ಯಾರು ಅಂತ ಕೇಳಿದ್ರೆ ಹೇಳಲ್ಲ ಇವರು. ಹೋಗಲಿ, ಹುಷಾರಾದ್ರೆ ಸಾಕು."

ಆ ಹೊತ್ತಿಗೆ ಹಜಾರದಲ್ಲಿ ಹತ್ತಾರು ಜನರಿದ್ದರು. ಅವರಲ್ಲಿ ಸಲೂನಿಗೆ ಬರುವ ಒಬ್ಬ ಗಿರಾಕಿಯೂ ಇದ್ದ, ಇವನ ಗುರುತು ಹಿಡಿದು ಹತ್ತಿರ ಬರುತ್ತಿದ್ದ.

ಕ್ಷೌರಿಕ ಮೆಕ್ಯಾನಿಕ್‌ನ ಮುಂದೆ ನಿಂತ. "ಅವಳು ನನ್ನ ಮಗಳು," ಎಂದ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಥಲಸ್ಸೇಮಿಯಾ ಇದೆ ಅವಳಿಗೆ. ಬನ್ನಿ, ತೋರಿಸ್ತೀನಿ."